ಕಡಲಿಲ್ಲದ ಊರಿನವರಿಗೆ ಕಡಲಿನ ಕೆಲಸ

ಕಳೆದ ವರ್ಷ ಮಂಡ್ಯದ ಒಂದು ಕಾಲೇಜಿಗೆ ಕಡಲಿನ ಬಗ್ಗೆ ಮಾತಾಡಲು ಹೋಗಿದ್ದೆ. ಮಾತು ಮುಗಿದ ಮೇಲೆ ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳು ಹತ್ತಿರ ಬಂದಳು. ಮದ್ದೂರಿನ ಕಡೆಯವಳು. ಮನೆಯಲ್ಲಿ ಕಬ್ಬು, ಭತ್ತ. "ಅಕ್ಕ, ನಂಗೆ ಸಮುದ್ರದ ವಿಷಯ ಓದೋಕೆ ತುಂಬ ಇಷ್ಟ. ಆದ್ರೆ ಲ್ಯಾಬಲ್ಲೇ ಇರೋಕೆ ಆಗಲ್ಲ. ಬರೆಯೋದು, ಜನಕ್ಕೆ ಹೇಳೋದು ಇಷ್ಟ. ಇಂಥದ್ದಕ್ಕೂ ಕೆಲಸ ಅಂತ ಇರುತ್ತಾ?" ಎಂದಳು. ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದ ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅವರು ಕೇಳಿದರು: "ಕಡ್ಲು ಇರೋದು ಮಂಗ್ಳೂರಲ್ಲಿ. ಇಲ್ಲಿ ಕೂತ್ಕಂಡು ಇವ್ಳು ಅದ್ರ ಸುದ್ದಿಯ ಯಾರ್‌ಗೆ ಹೇಳ್ಬೇಕವ್ವ?"

ಮಗಳಿಗೆ ಅಲ್ಲೇ ನಾಲ್ಕು ಮಾತು ಹೇಳಿದೆ. ಅಪ್ಪನ ಪ್ರಶ್ನೆ ಮಾತ್ರ ಮೈಸೂರಿಗೆ ವಾಪಸ್ ಬರುವ ಬಸ್ಸಿನಲ್ಲೂ ನನ್ನ ಜೊತೆಗೇ ಬಂತು. ಯಾರಿಗೆ ಹೇಳಬೇಕು ಅನ್ನುವುದು ಗೊತ್ತಾದರೆ ಕಡಲಿನ ವಿಜ್ಞಾನವನ್ನು ಜನಕ್ಕೆ ತಲುಪಿಸುವ ನನ್ನ ಈ ಕೆಲಸ ಏನು ಅನ್ನುವುದು ಅರ್ಧ ಗೊತ್ತಾದ ಹಾಗೆ. ಅದಕ್ಕೇ ಮೊದಲು ಅವರಿಗೇ ಉತ್ತರ ಕೊಡುತ್ತೇನೆ.

ಕೆಆರ್‌ಎಸ್ ತುಂಬುವುದು ಎಲ್ಲಿಂದ

2023ರ ಮಳೆಗಾಲವನ್ನು ಮಂಡ್ಯದವರು ಮರೆಯುವ ಹಾಗಿಲ್ಲ. ಆ ಆಗಸ್ಟ್‌ನಲ್ಲಿ ದೇಶಕ್ಕೆ ಬಿದ್ದ ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆ. 1901ರಿಂದ ಇಟ್ಟಿರುವ ಲೆಕ್ಕದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಕೆಆರ್‌ಎಸ್‌ನ ಪೂರ್ತಿ ಮಟ್ಟ 124.80 ಅಡಿ. ಆ ವರ್ಷ ಅದು ತುಂಬಲೇ ಇಲ್ಲ. ರಸ್ತೆ ತಡೆ, ಬಂದ್, ಹೆದ್ದಾರಿಯಲ್ಲಿ ಧರಣಿ. ಟಿ.ವಿ.ಯಲ್ಲಿ ದಿನವಿಡೀ ಕಾವೇರಿ. ಆದರೆ ಮಳೆ ಯಾಕೆ ಕೈಕೊಟ್ಟಿತು ಅನ್ನುವುದಕ್ಕೆ ನಾನು ನೋಡಿದ ಸುದ್ದಿಗಳಲ್ಲಿ "ಎಲ್ ನಿನೋ ಪ್ರಭಾವ" ಅನ್ನುವುದರ ಆಚೆಗೆ ಜಾಸ್ತಿ ಏನೂ ಇರಲಿಲ್ಲ.

ಎಲ್ ನಿನೋ ಅಂದರೆ ಪೆಸಿಫಿಕ್ ಸಾಗರದ ನಡುಭಾಗದಿಂದ ಪೆರು ದೇಶದ ಕರಾವಳಿಯವರೆಗೆ ಮೇಲಿನ ನೀರು ವಾಡಿಕೆಗಿಂತ ಬಿಸಿಯಾಗುವುದು. ಬಿಸಿ ನೀರಿನ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಮೋಡ ಅಲ್ಲೇ ಕಟ್ಟುತ್ತದೆ, ಮಳೆಯ ಜಾಗವೇ ಸರಿದುಹೋಗುತ್ತದೆ. ನಮ್ಮ ಕಡೆ ಗಾಳಿ ಸೊರಗುತ್ತದೆ. ಅಷ್ಟು ದೂರದ ಕಡಲು ಕೊಡಗಿನ ಮಳೆಯನ್ನು ಅಲ್ಲಾಡಿಸುತ್ತದೆ. ಕೊಡಗಿನ ಮಳೆ ತಾನೇ ಕೆಆರ್‌ಎಸ್‌ಗೆ ಬರುವುದು.

ನಮ್ಮದೇ ಹಿಂದೂ ಮಹಾಸಾಗರದಲ್ಲೂ ಇಂಥದ್ದೊಂದು ಆಟ ಇದೆ. ಅದಕ್ಕೆ ಪತ್ರಿಕೆಗಳಲ್ಲಿ "ಹಿಂದೂ ಮಹಾಸಾಗರದ ದ್ವಿಧ್ರುವ" ಎಂದು ಬರೆಯುತ್ತಾರೆ. ಈ ಪದ ಓದಿ ಯಾರಿಗೆ ಏನು ಗೊತ್ತಾಗುತ್ತದೆ? ನಾನು ಅದನ್ನು ಹಳ್ಳಿಗಳಲ್ಲಿ ಹೇಳುವಾಗ ಏತದಿಂದ ಶುರು ಮಾಡುತ್ತೇನೆ. ಪಂಪ್‌ಸೆಟ್ ಬರುವ ಮುಂಚೆ ಬಾವಿಯಿಂದ ನೀರೆತ್ತಲು ಏತ ಇತ್ತು. ಮರದ ಒಂದು ತುದಿ ಇಳಿದರೆ ಇನ್ನೊಂದು ತುದಿ ಏರುತ್ತದೆ. ನಮ್ಮ ಸಾಗರದ ಒಂದು ತುದಿ ಆಫ್ರಿಕಾದ ಕಡೆ, ಇನ್ನೊಂದು ಇಂಡೊನೇಷ್ಯಾದ ಸುಮಾತ್ರಾ ಕಡೆ. ಕೆಲವು ವರ್ಷ ಆಫ್ರಿಕಾದ ಕಡೆ ನೀರು ವಾಡಿಕೆಗಿಂತ ಬಿಸಿ, ಸುಮಾತ್ರಾ ಕಡೆ ತಂಪು. ಆಗ ಸಾಮಾನ್ಯವಾಗಿ ನಮ್ಮ ಮುಂಗಾರಿಗೆ ಕೈಹಿಡಿದ ಹಾಗಾಗುತ್ತದೆ. ಇನ್ನು ಕೆಲವು ವರ್ಷ ಇದು ಉಲ್ಟಾ. 2019ರಲ್ಲಿ ಪಶ್ಚಿಮದ ಕಡೆ ಜೋರಾಗಿಯೇ ಬಿಸಿ ಏರಿತ್ತು. ಆ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯುವಷ್ಟು ಮಳೆ ಬಂದದ್ದು ನೆನಪಿರಬಹುದು. ಅದೊಂದೇ ಕಾರಣ ಅನ್ನುವ ಹಾಗಿಲ್ಲ. ಆದರೆ ಅದನ್ನು ಬಿಟ್ಟು ಆ ವರ್ಷದ ಕತೆ ಹೇಳಲು ಆಗುವುದಿಲ್ಲ.

2023ರಲ್ಲೂ ಪಶ್ಚಿಮ ಬಿಸಿಯಾಯಿತು. ಆದರೆ ತಡವಾಗಿ. ಆಗಸ್ಟ್ ಅಷ್ಟರಲ್ಲಿ ಹೋಗಿಯಾಗಿತ್ತು. ಎರಡು ಕಡಲುಗಳ ಜಗ್ಗಾಟದಲ್ಲಿ ನಮ್ಮ ಗದ್ದೆಗಳು ನಡುವೆ ಸಿಕ್ಕಿಕೊಂಡವು.

ಈ ಏರಿಳಿತವನ್ನು ಗುರುತಿಸಿ ಹೆಸರಿಟ್ಟ ಪ್ರಬಂಧ ಬಂದದ್ದು 1999ರಲ್ಲಿ. ಅದನ್ನು ಬರೆದವರಲ್ಲಿ ಒಬ್ಬರು ಪಿ.ಎನ್. ವಿನಯಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಮಂಡ್ಯದಿಂದ ನೂರು ಕಿಲೋಮೀಟರ್ ದೂರದಲ್ಲಿ ಇರುವ ತಿಳಿವಳಿಕೆ ಅದು. ಅದು ಮಂಡ್ಯದ ರೈತರ ಕಿವಿಗೆ ಅವರ ಮಾತಿನಲ್ಲೇ ಬೀಳಲು ಈ ನೂರು ಕಿಲೋಮೀಟರ್ ದಾಟಿಸುವವರು ಬೇಕು. ಆ ದಾಟಿಸುವುದೇ ವಿಜ್ಞಾನ ಸಂವಹನ. ಅಪ್ಪನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಿಮಗೇ ಹೇಳಬೇಕು.

ಏತದ ಹೋಲಿಕೆಯ ಬಗ್ಗೆ ಒಂದು ಮಾತು. ಏತಕ್ಕೆ ತಾಳ ಇದೆ, ತುಳಿಯುವವರು ಇದ್ದಾರೆ. ಕಡಲಿಗೆ ಹಾಗೆ ತಾಳ ಇಲ್ಲ. ಈ ವರ್ಷ ಇಳಿದರೆ ಮುಂದಿನ ವರ್ಷ ಏರಲೇಬೇಕು ಅಂತೇನೂ ಇಲ್ಲ. ಇದನ್ನು ಹೇಳದೆ ಬಿಟ್ಟರೆ ಕೇಳಿದವರು "ಹೋದ ವರ್ಷ ಕಮ್ಮಿ, ಈ ವರ್ಷ ಗ್ಯಾರಂಟಿ ಮಳೆ" ಎಂದುಕೊಂಡು ಸಾಲ ಮಾಡಿ ಭತ್ತ ಹಾಕಬಹುದು. ಹೋಲಿಕೆ ಎಲ್ಲಿ ಮುರಿಯುತ್ತದೆ ಅನ್ನುವುದನ್ನೂ ಹೇಳಬೇಕು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದು.

ಹಡಗಿನಿಂದ ಕಿವಿಯವರೆಗೆ

ಕಡಲಿನ ಸಂಶೋಧನೆ ಹೇಗೆ ನಡೆಯುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಸಂವಹನದವರು ಎಲ್ಲೆಲ್ಲಿ ಬರುತ್ತಾರೆ ಅನ್ನುವುದು ತಿಳಿಯುತ್ತದೆ. 2016ರ ಮುಂಗಾರಿನಲ್ಲಿ "ಸಿಂಧು ಸಾಧನಾ" ಎಂಬ ಹಡಗು ಬಂಗಾಳ ಕೊಲ್ಲಿಗೆ ಹೋಯಿತು. ಬೇರೆಯವರು ದಡದಲ್ಲಿ ಕೂರುವ ಕಾಲದಲ್ಲಿ ಇವರು ಮಳೆಗಾಲವನ್ನೇ ನೋಡಲು ಹೊರಟರು. ಮುಂದಾಳು ಅದೇ ವಿನಯಚಂದ್ರನ್. ಇಂಥ ಹಡಗಿನಿಂದ ಒಂದು ಉಪಕರಣವನ್ನು ಕಬ್ಬಿಣದ ಹಗ್ಗ ಕಟ್ಟಿ ನೀರಿಗೆ ಇಳಿಸುತ್ತಾರೆ. ಇಳಿಯುತ್ತ ಇಳಿಯುತ್ತ ಅದು ಉಪ್ಪೆಷ್ಟು, ಬಿಸಿ ಎಷ್ಟು, ಆಳ ಎಷ್ಟು ಎಂದು ಅಳೆಯುತ್ತದೆ. ಸುತ್ತ ಜೋಡಿಸಿದ ಬಾಟಲಿಗಳು ಬೇರೆ ಬೇರೆ ಆಳದಲ್ಲಿ ನೀರು ತುಂಬಿಕೊಳ್ಳುತ್ತವೆ. ಹಗಲು ರಾತ್ರಿ ಇದೇ ಕೆಲಸ. ಹಡಗು ಹೋಗದ ಕಡೆ ಆರ್ಗೊ ತೇಲುಯಂತ್ರಗಳಿವೆ. ಪ್ರಪಂಚದ ಕಡಲುಗಳಲ್ಲಿ ಸುಮಾರು 4,000. ಒಂದೊಂದೂ 2,000 ಮೀಟರ್ ಆಳಕ್ಕೆ ಮುಳುಗಿ, ಹತ್ತು ದಿನಕ್ಕೊಮ್ಮೆ ಮೇಲೆ ಬಂದು, ಕಂಡದ್ದನ್ನು ಉಪಗ್ರಹಕ್ಕೆ ಒಪ್ಪಿಸಿ ಮತ್ತೆ ಮುಳುಗುತ್ತವೆ.

ಹೀಗೆ ಬಂದ ಅಂಕಿಗಳು ಲೆಕ್ಕವಾಗುತ್ತವೆ, ಲೆಕ್ಕ ಪ್ರಬಂಧವಾಗುತ್ತದೆ. ಪ್ರಬಂಧ ಓದುವವರು ಅದೇ ವಿಷಯದ ಕೆಲವೇ ಮಂದಿ. ಅದು ತಪ್ಪಲ್ಲ. ಪ್ರಬಂಧ ಇರುವುದೇ ಅವರಿಗಾಗಿ. ಆದರೆ ಆ ಸಂಶೋಧನೆಗೆ ದುಡ್ಡು ಕೊಟ್ಟವರು ನಾವು. ಅದರ ಫಲ ತಟ್ಟುವುದೂ ನಮಗೆ. ಹಾಗಾಗಿ ಪ್ರಬಂಧ ಆದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ.

ಅದರಲ್ಲಿ ಒಂದು ಬಗೆ ಜೀವ ಉಳಿಸುವುದು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕನ್ಯಾಕುಮಾರಿ, ಕೇರಳದ ಎಷ್ಟೋ ಮೀನುಗಾರರು ಆಳ ಸಮುದ್ರದಲ್ಲಿದ್ದರು. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಎಚ್ಚರಿಕೆ ದಡದಲ್ಲಿತ್ತು, ಜನ ಕಡಲಲ್ಲಿದ್ದರು. ಆಮೇಲೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಜೆಮಿನಿ ಎಂಬ ಪುಟ್ಟ ಸಾಧನ ತಂದವು. ಉಪಗ್ರಹದಿಂದ ಬರುವ ಎಚ್ಚರಿಕೆಯನ್ನು ಅದು ಮೀನುಗಾರರ ಮೊಬೈಲಿಗೆ ದಾಟಿಸುತ್ತದೆ. ಯಂತ್ರ ಆಯಿತು. ಆದರೆ ಆ ಸಣ್ಣ ತೆರೆಯ ಮೇಲೆ ಯಾವ ಪದ ಬರಬೇಕು, ಯಾವ ಭಾಷೆಯಲ್ಲಿ, ಎಷ್ಟು ಉದ್ದ? ಅದನ್ನು ಯಾರೋ ಕೂತು ಯೋಚಿಸಬೇಕಲ್ವಾ?

ಇನ್‌ಕಾಯ್ಸ್‌ನವರೇ ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನೂ ಕೊಡುತ್ತಾರೆ. ಕನ್ನಡದಲ್ಲೂ ಬರುತ್ತದೆ. ಉಪಗ್ರಹ ಕಡಲಿನ ಬಣ್ಣ ನೋಡುತ್ತದೆ. ನೀರಿನಲ್ಲಿ ಕಣ್ಣಿಗೆ ಕಾಣದ ಹಸಿರು ಜೀವಿಗಳು ಜಾಸ್ತಿ ಇದ್ದರೆ ಬಣ್ಣ ಬದಲಾಗುತ್ತದೆ. ಬಿಸಿ ನೀರು, ತಣ್ಣೀರು ಸೇರುವ ಗೆರೆಯೂ ಉಪಗ್ರಹಕ್ಕೆ ಕಾಣುತ್ತದೆ. ಹಸಿರು ಇರುವಲ್ಲಿ ಅದನ್ನು ತಿನ್ನುವ ಸಣ್ಣ ಜೀವಿಗಳು, ಅವುಗಳ ಹಿಂದೆ ಬೂತಾಯಿ, ಬಂಗುಡೆ. ವಿಜ್ಞಾನಿಯ ಮೇಜಿನ ಮೇಲೆ ಇದು ಹಸಿರಿನ ಅಳತೆ, ತಾಪಮಾನದ ನಕ್ಷೆ. ಮೀನುಗಾರರಿಗೆ ಹೋಗುವ ಹೊತ್ತಿಗೆ ಅದು ಹೀಗಾಗಿರುತ್ತದೆ: ನಿಮ್ಮ ಬಂದರಿನಿಂದ ಈ ದಿಕ್ಕಿಗೆ, ಇಷ್ಟು ಕಿಲೋಮೀಟರ್, ಅಲ್ಲಿ ಆಳ ಇಷ್ಟು ಮೀಟರ್. ಅಷ್ಟೇ. ಡೀಸೆಲ್ ಎಷ್ಟು ಬೇಕು ಅನ್ನುವುದನ್ನು ಅವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ನನಗೆ ಇದು ಒಳ್ಳೆಯ ಸಂವಹನದ ತುಂಬ ಚೆಂದದ ಮಾದರಿ. ವಿಜ್ಞಾನವನ್ನು ಸಣ್ಣದು ಮಾಡಿಲ್ಲ, ತೆಳು ಮಾಡಿಲ್ಲ. ಕೇಳುವವರು ಮುಂದೆ ಏನು ನಿರ್ಧಾರ ಮಾಡಬೇಕೋ ಅದಕ್ಕೆ ಬೇಕಾದ್ದನ್ನು ಮುಂದಿಟ್ಟಿದ್ದಾರೆ.

ಪದಗಳು ಎರಡೂ ಕಡೆ ಓಡಾಡುತ್ತವೆ

ಸಂವಹನ ಅಂದರೆ ವಿಜ್ಞಾನಿ ಮೇಲಿನಿಂದ ಸುರಿಯುವುದು, ಜನ ಕೆಳಗೆ ಬೊಗಸೆ ಹಿಡಿಯುವುದು ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಕಡಲು ಅದನ್ನು ತಿದ್ದಿತು.

ಕೇರಳದ ಮೀನುಗಾರರ ಬಾಯಲ್ಲಿ "ಕಳ್ಳಕ್ಕಡಲ್" ಎಂಬ ಮಾತಿದೆ. ಕಳ್ಳ ಕಡಲು. ಕನ್ನಡದವರಿಗೆ ಬಿಡಿಸಿ ಹೇಳುವುದೇ ಬೇಡ. ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ಶುಭ್ರ. ಹಾಗಿದ್ದೂ ಕಡಲು ಸದ್ದಿಲ್ಲದೆ ಮೇಲೆ ಬಂದು ಮನೆಗಳಿಗೆ ನುಗ್ಗುತ್ತದೆ. ಇದರ ಕಾರಣ ಬಹಳ ದೂರದಲ್ಲಿದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಬಿರುಗಾಳಿ ಎದ್ದರೆ ಅಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ಕರಾವಳಿಗೆ ಬಂದು ಬಡಿಯುತ್ತವೆ. ಬಿರುಗಾಳಿ ಅಲ್ಲಿ, ಪೆಟ್ಟು ಇಲ್ಲಿ. ಈ ವಿದ್ಯಮಾನಕ್ಕೆ ಇದೇ ಹೆಸರನ್ನು ವೈಜ್ಞಾನಿಕ ಬಳಕೆಗೆ 2012ರಲ್ಲಿ ಯುನೆಸ್ಕೊ ಒಪ್ಪಿಕೊಂಡಿತು. ಈಗ ಇನ್‌ಕಾಯ್ಸ್ ಎಚ್ಚರಿಕೆಗಳಲ್ಲೂ ಅದೇ ಪದ. ದಡದ ಜನರ ಮಾತು ವಿಜ್ಞಾನಕ್ಕೆ ಹೋಗಿ ಅಲ್ಲೇ ನಿಂತಿತು.

ಇನ್ನೊಂದು ಕತೆ ಇಂಡೊನೇಷ್ಯಾದ ಸಿಮೆಲುವೆ ದ್ವೀಪದ್ದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆ ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರದಲ್ಲಿದ್ದ ದ್ವೀಪ ಸಿಮೆಲುವೆ. ಜನಸಂಖ್ಯೆ ಸುಮಾರು 78,000. ಸತ್ತವರು 7 ಮಂದಿ. ಅಲ್ಲಿ 1907ರಲ್ಲೂ ಸುನಾಮಿ ಬಂದಿತ್ತು. ಅದನ್ನು ಕಂಡವರು "ಸ್ಮೊಂಗ್" ಎಂಬ ಹೆಸರಲ್ಲಿ ಅದರ ಕತೆಯನ್ನು ಮಕ್ಕಳಿಗೆ ಹೇಳಿದರು. ಜೋಗುಳದಲ್ಲಿ ಹಾಡಿದರು. ನೆಲ ಜೋರಾಗಿ ನಡುಗಿ ಕಡಲು ಹಿಂದಕ್ಕೆ ಸರಿದರೆ ಗುಡ್ಡಕ್ಕೆ ಓಡು. ಸುಮಾರು ನೂರು ವರ್ಷ ಆದ ಮೇಲೂ ಆ ಮಾತು ಕಾಲಿಗೆ ನೆನಪಿತ್ತು. ನಮ್ಮಲ್ಲಿ ರಾಗಿ ಬೀಸುವಾಗ, ನಾಟಿ ಹಾಕುವಾಗ ಹಾಡಿದವರ ಮೊಮ್ಮಕ್ಕಳು ನಾವು. ಹಾಡಿನಲ್ಲಿ ಹೇಳಿದ್ದು ಎಷ್ಟು ಕಾಲ ನಿಲ್ಲುತ್ತದೆ ಅಂತ ನಮಗೆ ಹೊರಗಿನವರು ಹೇಳಬೇಕಾಗಿಲ್ಲ.

ಪದ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಅನುಭವ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ "ಹವಳಗಳ ಬ್ಲೀಚಿಂಗ್" ಎಂದು ಒಂದು ಲೇಖನ ಬರೆದೆ. ನಮ್ಮ ದೊಡ್ಡಮ್ಮ ಓದಿ, "ಅಷ್ಟು ದೊಡ್ಡ ಸಮುದ್ರಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದವರು ಯಾರೇ?" ಎಂದು ಕೇಳಿದರು. ಅವರು ಸರಿಯಾಗಿಯೇ ಓದಿದ್ದರು. ನಾನು ಸರಿಯಾಗಿ ಬರೆದಿರಲಿಲ್ಲ. ಕನ್ನಡದವರಿಗೆ ಹವಳ ಅಂದರೆ ಸರ, ಉಂಗುರ, ನವರತ್ನದಲ್ಲಿ ಒಂದು. ಅದು ಜೀವ ಇರುವ ಪ್ರಾಣಿ, ನಾವು ಕೊರಳಿಗೆ ಹಾಕಿಕೊಳ್ಳುವುದು ಅದರ ಒಡಲಿನ ಗಟ್ಟಿ ಭಾಗ ಅನ್ನುವುದರಿಂದ ನಾನು ಶುರು ಮಾಡಬೇಕಿತ್ತು. ಹವಳದ ದಿಬ್ಬ ಕಟ್ಟುವ ಜೀವಿಗಳ ಮೈಯೊಳಗೆ ಸಣ್ಣ ಪಾಚಿಗಳು ಬಾಡಿಗೆಗೆ ಇರುತ್ತವೆ. ಬಿಸಿಲಿನಿಂದ ಆಹಾರ ಮಾಡಿ ಮನೆಯ ಒಡೆಯನಿಗೂ ಕೊಡುತ್ತವೆ. ಹವಳದ ಹೆಚ್ಚಿನ ಬಣ್ಣ ಈ ಬಾಡಿಗೆದಾರರದ್ದೇ. ನೀರು ವಾರಗಟ್ಟಲೆ ಜಾಸ್ತಿ ಬಿಸಿಯಾದರೆ ಹವಳ ಅವನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು, ಇಲ್ಲದಿದ್ದರೆ ಸಾಯುತ್ತದೆ. ಅಂದಿನಿಂದ ನಾನು ಬರೆಯುವುದು "ಹವಳ ಬಿಳಿಚಿಕೊಂಡಿದೆ" ಎಂದು. ಜ್ವರ ಬಂದ ಮಗುವಿನ ಮುಖಕ್ಕೆ ನಾವು ಬಳಸುವ ಮಾತು ಅದು. ಹವಳದ ಸ್ಥಿತಿಗೂ ಅದೇ ಸರಿ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಲಕ್ಷದ್ವೀಪದ ಹವಳಗಳನ್ನು 1998ರಿಂದ ಬಿಡದೆ ನೋಡುತ್ತಿರುವ ಸಂಸ್ಥೆಗಳಲ್ಲಿ ಒಂದು ಇರುವುದು ನಮ್ಮ ಮೈಸೂರಿನಲ್ಲಿ. ನೇಚರ್ ಕನ್ಸರ್ವೇಷನ್ ಫೌಂಡೇಶನ್. 1996ರಲ್ಲಿ ಶುರುವಾದದ್ದು. ಹಿಮ ಚಿರತೆ, ಆನೆ, ಹಕ್ಕಿಗಳ ಜೊತೆಗೆ ಕಡಲೂ ಅವರ ಕೆಲಸ. 1998, 2010, 2016, ಹೀಗೆ ಮತ್ತೆ ಮತ್ತೆ ನೀರು ಬಿಸಿಯಾದಾಗ ಅವರು ಅಲ್ಲಿ ಮುಳುಗಿ ಲೆಕ್ಕ ಹಾಕಿದ್ದಾರೆ. 1998ರಲ್ಲಿ ದಿಬ್ಬಗಳ ಮೇಲೆ ಸುಮಾರು ಶೇ 37ರಷ್ಟು ಜಾಗದಲ್ಲಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ 19ಕ್ಕೆ ಇಳಿದಿತ್ತು. ಕಡಲಿನಿಂದ ಇಷ್ಟು ದೂರದ ಊರಿನಲ್ಲಿ ಕೂತು ಕಡಲಿನ ಕೆಲಸ ಮಾಡಲು ಆಗುತ್ತಾ ಎಂದು ಯಾರಾದರೂ ಕೇಳಿದರೆ ಈ ಉದಾಹರಣೆ ಕೊಡುತ್ತೇನೆ.

ಕೆಲಸ ಎಲ್ಲಿದೆ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಮೊದಲೇ ನೇರವಾಗಿ ಹೇಳುತ್ತೇನೆ. "ಕಡಲ ವಿಜ್ಞಾನ ಸಂವಹನಕಾರರು ಬೇಕಾಗಿದ್ದಾರೆ" ಎಂದು ಪೇಪರಿನಲ್ಲಿ ಜಾಹೀರಾತು ಸಾಲುಗಟ್ಟಿ ಬರುವುದಿಲ್ಲ. ಕೆಲಸ ಇದೆ, ಬೇರೆ ಬೇರೆ ಹೆಸರಿನಲ್ಲಿ ಇದೆ.

1966ರಲ್ಲಿ ಶುರುವಾಗಿ ಈಗ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್, ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇದ್ದು ಮಂಗಳೂರಿನಲ್ಲೂ ಕೇಂದ್ರ ಇರುವ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ. ಇಂಥ ಕಡೆ ಪತ್ರಿಕಾ ಹೇಳಿಕೆ, ವಾರ್ಷಿಕ ವರದಿ, ವಿಡಿಯೊ, ಶಾಲಾ ಮಕ್ಕಳ ಭೇಟಿ, ಮೀನುಗಾರರ ತರಬೇತಿ ಎಲ್ಲವೂ ನಡೆಯುತ್ತವೆ. ಎಷ್ಟೋ ಸಲ ಯೋಜನಾ ಸಹಾಯಕರ ಹುದ್ದೆಯಲ್ಲಿ ಇರುವವರೇ ಈ ಕೆಲಸ ಮಾಡುತ್ತಿರುತ್ತಾರೆ. ಸಂರಕ್ಷಣೆಯ ಸಂಸ್ಥೆಗಳಲ್ಲಿ ಸಂವಹನಕ್ಕೆಂದೇ ಜನ ಇರುತ್ತಾರೆ. ಸಂಶೋಧನೆಯ ಸುದ್ದಿಯನ್ನು ಕನ್ನಡದಲ್ಲೂ ಕೊಡುವ ಗುಬ್ಬಿ ಲ್ಯಾಬ್ಸ್‌ನ ರಿಸರ್ಚ್ ಮ್ಯಾಟರ್ಸ್‌ನಂಥ ವೇದಿಕೆಗಳಿವೆ. ವಸ್ತು ಸಂಗ್ರಹಾಲಯಗಳಿವೆ. ಮೈಸೂರಿನ ಕಾರಂಜಿ ಕೆರೆಯ ದಂಡೆಯ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಹೋಗಿ ನೋಡಿ. ಒಂದೊಂದು ಫಲಕದ ಹಿಂದೆಯೂ ಯಾವ ನಾಲ್ಕು ಸಾಲು ಇಡಬೇಕು ಎಂದು ಯಾರೋ ಯೋಚಿಸಿದ್ದಾರೆ. ಚಿತ್ರ ಬರೆಯುವವರಿಗೆ, ಅಂಕಿ ಅಂಶವನ್ನು ನಕ್ಷೆ ಮಾಡುವವರಿಗೆ, ನೀರಿನೊಳಗೆ ಕ್ಯಾಮೆರಾ ಹಿಡಿಯುವವರಿಗೆ ಬೇರೆ ದಾರಿಗಳಿವೆ.

ಹಡಗಿನ ಮೇಲೂ ಕೆಲಸ ಇದೆ. ಸಮುದ್ರದ ತಳ ಕೊರೆದು ಭೂಮಿಯ ಹಳೆಯ ಕತೆ ಓದುತ್ತಿದ್ದ "ಜಾಯ್ಡಿಸ್ ರೆಸೊಲ್ಯೂಶನ್" ಹಡಗು 2015ರಲ್ಲಿ ನಮ್ಮ ಅರಬ್ಬಿ ಸಮುದ್ರಕ್ಕೂ ಬಂದಿತ್ತು. ಅದರಲ್ಲಿ ವಿಜ್ಞಾನಿಗಳ ಜೊತೆ ಸಂವಹನಕ್ಕೆಂದೇ ಜನರನ್ನು ಕರೆದೊಯ್ಯುತ್ತಿದ್ದರು. ಶಿಕ್ಷಕರು, ಬರಹಗಾರರು, ಕಲಾವಿದರು. ಅವರು ಹಡಗಿನಿಂದಲೇ ವಿಡಿಯೊ ಮೂಲಕ ತರಗತಿಗಳಿಗೆ ಮಾತಾಡುತ್ತಿದ್ದರು.

ಇದರಲ್ಲೆಲ್ಲ ನನ್ನನ್ನು ತುಂಬ ಅಲ್ಲಾಡಿಸಿದ್ದು 2025ರ ಅರ್ಜೆಂಟೀನಾ. ಅಲ್ಲಿನ ವಿಜ್ಞಾನಿಗಳು ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್‌ನ ಹಡಗಿನಲ್ಲಿ ಕಡಲೊಳಗಿನ ಮಾರ್ ದೆಲ್ ಪ್ಲಾತಾ ಕಣಿವೆಗೆ ಹೋದರು. ಯಂತ್ರವನ್ನು ಕಡಲ ತಳಕ್ಕೆ ಇಳಿಸಿ, ಅದರ ಕ್ಯಾಮೆರಾ ಕಂಡದ್ದನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ಮಾತೆಲ್ಲ ಸ್ಪ್ಯಾನಿಷ್‌ನಲ್ಲಿ. ತಮ್ಮ ಮಾತು, ತಮ್ಮ ತಮಾಷೆ, ತಮ್ಮ ಉದ್ಗಾರ. ಸಾವಿರಾರು ಜನ ರಾತ್ರಿ ಹೊತ್ತು ಫುಟ್ಬಾಲ್ ನೋಡುವ ಹಾಗೆ ಕೂತು ನೋಡಿದರು. ಒಂದು ದಪ್ಪ ನಕ್ಷತ್ರ ಮೀನಿಗೆ ಅಡ್ಡಹೆಸರಿಟ್ಟು ಕೊಂಡಾಡಿದರು. ವಿಜ್ಞಾನಿಗಳು ಅದನ್ನು ಸರಳ ಮಾಡಲು ಹೋಗಲಿಲ್ಲ. ತಮ್ಮ ಭಾಷೆಯಲ್ಲಿ ಬೆರಗುಪಟ್ಟರು, ಜನ ಜೊತೆಗೆ ಸೇರಿಕೊಂಡರು. ಕನ್ನಡದಲ್ಲಿ ಹೀಗೆ ಒಂದು ರಾತ್ರಿ ಆಗುವುದನ್ನು ನೋಡಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಅಂಥ ರಾತ್ರಿ ಬಹಳ ದೂರ ಇಲ್ಲದಿರಬಹುದು. 2021ರಲ್ಲಿ ಒಪ್ಪಿಗೆ ಸಿಕ್ಕ ಭಾರತದ ಆಳ ಸಾಗರ ಯೋಜನೆಯಲ್ಲಿ ಮತ್ಸ್ಯ-6000 ಎಂಬ ವಾಹನ ತಯಾರಾಗುತ್ತಿದೆ. ಮೂವರನ್ನು 6,000 ಮೀಟರ್ ಆಳಕ್ಕೆ ಕರೆದೊಯ್ಯಲು. ಜನ ಕೂರುವುದು ಎರಡು ಮೀಟರಿಗಿಂತ ಸ್ವಲ್ಪ ಅಗಲದ ಟೈಟಾನಿಯಂ ಗೋಳದಲ್ಲಿ. ಅಷ್ಟು ಆಳದಲ್ಲಿ ಒತ್ತಡ ಎಷ್ಟು ಅನ್ನುವುದನ್ನು ಮಂಡ್ಯದಲ್ಲಿ ಹೀಗೆ ಹೇಳಿದೆ: ನಿಮ್ಮ ಬೆರಳಿನ ಉಗುರಿನಷ್ಟು ಜಾಗದ ಮೇಲೆ 50 ಕೆ.ಜಿ.ಯ 12 ಗೊಬ್ಬರದ ಮೂಟೆ ಒಂದರ ಮೇಲೊಂದು ಪೇರಿಸಿದ ಹಾಗೆ. ಮೈ ಮೇಲಿನ ಪ್ರತಿ ಉಗುರಿನಷ್ಟು ಜಾಗಕ್ಕೂ ಅಷ್ಟೇ. ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಪ್ರಚಾರ ಬೇರೆ, ವಿವರಣೆ ಬೇರೆ

ಇದೇ ಯೋಜನೆಯ ಮಾತಿನಲ್ಲಿ ಈ ಕೆಲಸದ ಕಷ್ಟದ ಜಾಗವೂ ಬರುತ್ತದೆ. ಹಿಂದೂ ಮಹಾಸಾಗರದ ನಡುವೆ ಕಡಲ ತಳದಲ್ಲಿ ಆಲೂಗಡ್ಡೆ ಗಾತ್ರದ ಕಪ್ಪು ಗಂಟುಗಳು ಬಿದ್ದಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ನಮ್ಮ "ಗವೇಷಣಿ" ಹಡಗು 1981ರ ಜನವರಿ 26ರಂದು ಮೊದಲ ಸಲ ಅವನ್ನು ಮೇಲೆತ್ತಿತು. ಈಗ 75,000 ಚದರ ಕಿಲೋಮೀಟರ್ ಜಾಗದಲ್ಲಿ ಅವನ್ನು ಹುಡುಕುವ ಹಕ್ಕು ಭಾರತಕ್ಕಿದೆ. ಇಷ್ಟು ಬರೆದರೆ ಹೆಮ್ಮೆಯ ಸುದ್ದಿ.

ಆದರೆ ಆ ಗಂಟು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಅದರ ಮೇಲೂ ಸುತ್ತಲೂ ಜೀವಿಗಳು ವಾಸ ಮಾಡುತ್ತವೆ. ಎತ್ತಿದರೆ ಆ ಮನೆ ಮತ್ತೆ ನಮ್ಮ ಕಾಲದಲ್ಲಿ ಕಟ್ಟುವುದಿಲ್ಲ. ಇದನ್ನೂ ಬರೆಯಬೇಕು. ಸಂಸ್ಥೆಯ ಸಂಬಳ ತೆಗೆದುಕೊಳ್ಳುವವರಿಗೆ ಇದು ಯಾವಾಗಲೂ ಸುಲಭ ಅಲ್ಲ. ಹಿಂದೊಮ್ಮೆ ನಾನು ಬರೆದ ಒಂದು ಟಿಪ್ಪಣಿಯಿಂದ "ಇನ್ನೂ ಖಚಿತವಿಲ್ಲ" ಎಂಬ ಸಾಲನ್ನು ತೆಗೆದುಹಾಕಿ ಅಚ್ಚಿಗೆ ಕಳಿಸಿದ್ದರು. ವಿಜ್ಞಾನಿ ಮಾತಾಡುವಾಗ ಆ ಸಾಲನ್ನೇ ಮೂರು ಸಲ ಒತ್ತಿ ಹೇಳಿದ್ದರು. ಆ ದಿನದಿಂದ ನಾನು ಅಂಥ ಸಾಲನ್ನು ಕೊನೆಯಲ್ಲಿ ಇಡುವುದಿಲ್ಲ. ಮುಖ್ಯ ಮಾತಿನ ಹೊಟ್ಟೆಯೊಳಗೇ ಇಡುತ್ತೇನೆ, ತೆಗೆದರೆ ವಾಕ್ಯವೇ ನಿಲ್ಲದ ಹಾಗೆ.

ಕಲಿಯುವುದು ಹೇಗೆ

ಓದಿಗೆ ಒಂದೇ ದಾರಿ ಅಂತಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ನಾನು ಓದಿದ್ದು ಅಲ್ಲೇ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದಿ ಆಮೇಲೆ ಕಡಲು ಕಲಿತರೂ ಆದೀತು. ಸಂಶೋಧನೆಗೆ ಹೋಗಿ ಅಲ್ಲಿಂದ ಬರವಣಿಗೆಗೆ ಬಂದವರೂ ಇದ್ದಾರೆ. ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮುಂದಿನ ಹಂತದಲ್ಲಿ 42,000. ಪಿಎಚ್‌.ಡಿ. ಮಾಡುತ್ತಲೇ ಬರೆಯುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬಹುದು. ಬಿಡಿ ಲೇಖನಗಳ ಸಂಭಾವನೆ ಒಂದನ್ನೇ ನಂಬಿ ಮನೆ ನಡೆಸುವುದು ಕಷ್ಟ. ಮೊದಲ ಕೆಲವು ವರ್ಷ ಅನುವಾದ, ಪಾಠ, ವಿಡಿಯೊ ಚಿತ್ರಕತೆ ಎಲ್ಲ ಜೊತೆಗಿರಲಿ.

ಓದಿಗಿಂತ ಜಾಸ್ತಿ ಬೇಕಾದ್ದು ಮೂರು ರೂಢಿ. ಪ್ರಬಂಧ ಓದಲು ಹೆದರದಿರುವುದು. ಗೊತ್ತಾಗದಾಗ ವಿಜ್ಞಾನಿಗೆ ಫೋನ್ ಮಾಡಿ "ಗೊತ್ತಾಗಲಿಲ್ಲ ಸರ್, ಇನ್ನೊಂದು ಸಲ ಹೇಳಿ" ಅನ್ನುವುದು. ಬರೆದದ್ದನ್ನು ಗಟ್ಟಿಯಾಗಿ ಓದಿ ಯಾರಿಗಾದರೂ ಕೇಳಿಸುವುದು. ಕೊನೆಯದು ನಮ್ಮ ಊರಿನ ಹಳೆಯ ರೂಢಿಯೇ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕಿಟ್ಟ ಹೆಸರು ಆಕಾಶವಾಣಿ. ಅದಕ್ಕೂ ಮುಂಚೆ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ಗೆಳೆಯರು "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆ ತಂದಿದ್ದರು. ಆಗ ಎಷ್ಟೋ ವಿಷಯಕ್ಕೆ ಕನ್ನಡದಲ್ಲಿ ಪದವೇ ಇರಲಿಲ್ಲ. ಅವರು ಒಂದೊಂದಾಗಿ ಕಟ್ಟಿಕೊಂಡು ಹೋದರು. ಕಡಲಿನ ಎಷ್ಟೋ ವಿಷಯಕ್ಕೆ ಇವತ್ತೂ ಪದ ಕಟ್ಟಬೇಕಾಗಿದೆ. ಕರಾವಳಿಯವರ ಬಾಯಲ್ಲಿ ಆಗಲೇ ಇರುವ ಪದಗಳನ್ನು ಕೇಳಿ ತರಬೇಕಾಗಿದೆ.

ಆ ಹುಡುಗಿಗೆ ನಾನು ಅಂದು ಹೇಳಿದ್ದು ಒಂದೇ ಕೆಲಸ. "ಏತದ ವಿಷಯ ಕೇಳಿದೆಯಲ್ಲ, ಅದನ್ನ ನಿನ್ನ ಮಾತಲ್ಲಿ ಒಂದು ಪುಟ ಬರೆದು ಅಪ್ಪನಿಗೆ ಓದಿ ಹೇಳು. ಅವರು ಎಲ್ಲಿ ತಡೆದು ಕೇಳ್ತಾರೋ ಆ ಜಾಗ ಗುರುತು ಮಾಡ್ಕೋ."

ಎರಡು ವಾರ ಬಿಟ್ಟು ವಾಟ್ಸ್ಯಾಪಿನಲ್ಲಿ ಆ ಪುಟದ ಫೋಟೊ ಬಂತು. ನಾಲ್ಕು ಕಡೆ ಪೆನ್ಸಿಲಿನ ಗುರುತು. ಮೂರು ಕಡೆ ಅವಳ ವಾಕ್ಯ ಉದ್ದವಾಗಿತ್ತು. ನಾಲ್ಕನೆಯ ಗುರುತಿನ ಪಕ್ಕದಲ್ಲಿ ಅಪ್ಪ ಕೇಳಿದ್ದನ್ನು ಹಾಗೇ ಬರೆದಿದ್ದಳು: "ಹಂಗಾದ್ರೆ ಈ ಸಲ ಆ ಕಡೆ ನೀರು ಬಿಸಿ ಐತಾ? ಅದ ಎಲ್ಲಿ ನೋಡಾದು?" ಕಡಲ ಮೇಲ್ಮೈಯ ಬಿಸಿ ತೋರಿಸುವ ನಕ್ಷೆಯ ಕೊಂಡಿ ಕಳಿಸಿದೆ. ರಾತ್ರಿ ಇನ್ನೊಂದು ಸಂದೇಶ ಬಂತು. "ಅಕ್ಕ, ಅಪ್ಪನ ಫೋನಿಗೇ ಹಾಕಿಕೊಟ್ಟೆ. ಇದು ಎಷ್ಟು ದಿನಕ್ಕೊಂದ್ಸಲ ಬದ್ಲಾಯ್ತದೆ ಅಂತ ಕೇಳ್ತಾವ್ರೆ."